ಪೆಟ್ ಸ್ಕ್ಯಾನಲ್ಲಿ ಸಣ್ಣ ಗಡ್ಡೆ ಹುಡುಕೋಕೆ ಸಿಟಿ, ಎಂಆರ್‌ಐ ಎಲ್ಲಿ ಕೈ ಹಿಡಿಯುತ್ತೆ

ಈ ಪಾಠ ಓದುವಾಗ ನಂಗೆ ತುಂಬಾ ದಿನ ಗೊಂದಲ ಇತ್ತು, ಯಾಕಂದ್ರೆ ಸಿಟಿ, ಎಂಆರ್‌ಐ ಕೊಡೋ ಅನಾಟಮಿ ಮಾಹಿತಿ (ಯಾವ ಅಂಗ ಎಲ್ಲಿದೆ, ಹೇಗಿದೆ ಅನ್ನೋದು) ಎರಡು ಬೇರೆ ಬೇರೆ ಕಡೆ ಕೆಲಸಕ್ಕೆ ಬರುತ್ತೆ, ಚಿತ್ರ ಓದುವಾಗ ಒಂದ್ಸಲ, ಆ ಚಿತ್ರನ ಕಂಪ್ಯೂಟರ್ ಕಟ್ಟುವಾಗ ಇನ್ನೊಂದ್ಸಲ.

ಓದುವಾಗಿನದು ಸುಲಭ. ಎಫ್‌ಡಿಜಿ ಪೆಟ್‌ನಲ್ಲಿ (ವಿಕಿರಣ ಸೂಸೋ ಗ್ಲೂಕೋಸ್ ಥರದ ವಸ್ತು ಕೊಟ್ಟು, ಅದನ್ನ ಯಾವ ಜಾಗ ಜಾಸ್ತಿ ಎಳ್ಕೊಂಡಿದೆ ಅಂತ ತೋರಿಸೋ ಸ್ಕ್ಯಾನ್) ಕಾಲರ್‌ಬೋನ್ ಮೇಲೆ ಎರಡೂ ಕಡೆ ಹೊಳೀತಿದೆ ಅನ್ಕೊಳ್ಳಿ, ಬರೀ ಪೆಟ್ ನೋಡಿದ್ರೆ ಲಿಂಫ್ ನೋಡ್‌ಗೆ ಕ್ಯಾನ್ಸರ್ ಹಬ್ಬಿದೆಯೇನೋ ಅನ್ಸುತ್ತೆ. ಅದೇ ಜಾಗ ಸಿಟಿಯಲ್ಲಿ ನೋಡಿದ್ರೆ ಗಂಟೇ ಇಲ್ಲ, ಹೌನ್ಸ್‌ಫೀಲ್ಡ್ ಸಂಖ್ಯೆ (ಅಂಗಾಂಶ ಎಷ್ಟು ದಟ್ಟ ಅಂತ ಸಿಟಿ ಕೊಡೋ ಅಳತೆ, ನೀರಿಗೆ 0) -100ರ ಆಸುಪಾಸು, ಅಂದ್ರೆ ಕೊಬ್ಬು. ಚಳಿಗೆ ಮೈ ಬೆಚ್ಚಗಿಡೋ ಬ್ರೌನ್ ಫ್ಯಾಟ್ ಗ್ಲೂಕೋಸ್ ಎಳ್ಕೊಂಡಿದೆ ಅಷ್ಟೇ. ಪಿಟ್ಸ್‌ಬರ್ಗ್‌ನಲ್ಲಿ 1998ರಲ್ಲಿ ಡೇವಿಡ್ ಟೌನ್‌ಸೆಂಡ್ ತಂಡದ ಪೆಟ್-ಸಿಟಿ ಪ್ರೊಟೊಟೈಪ್ ಕೆಲಸ ಶುರು ಮಾಡ್ತಲ್ಲ, ಎರಡನ್ನೂ ಒಂದೇ ಮಂಚದ ಮೇಲೆ ತೆಗೆಯೋದ್ರ ದೊಡ್ಡ ಲಾಭ ಇದೇ.

ಕಟ್ಟುವಾಗಿನದು ನಿಧಾನವಾಗಿ ಓದ್ಬೇಕು. ಪೆಟ್ ಡಿಟೆಕ್ಟರ್‌ಗೆ ಸಿಗೋ ಕೌಂಟ್ಸ್ (ಎಣಿಸಿದ ಕಿರಣಗಳು) ಕಮ್ಮಿ, ಹಾಗಾಗಿ ಚಿತ್ರದ ತುಂಬಾ ನಾಯ್ಸ್, ಅಂದ್ರೆ ಸುಳ್ಳು ಚುಕ್ಕೆಗಳು. ನಾಯ್ಸ್ ಇಳಿಸೋಕೆ ಸ್ಮೂತ್ ಮಾಡಿದ್ರೆ ಸಣ್ಣ ಗಡ್ಡೆ ಅಕ್ಕಪಕ್ಕಕ್ಕೆ ಹರಡಿ ಮಂಕಾಗುತ್ತೆ, ಮೊದಲೇ ಪೆಟ್ ರೆಸಲ್ಯೂಷನ್ 4ರಿಂದ 6 ಮಿಲಿಮೀಟರ್, ಅದಕ್ಕಿಂತ ಸಣ್ಣ ವಿವರ ಬೇರೆಯಾಗಿ ಕಾಣಲ್ಲ. ಇದಕ್ಕೆ ಬೌಷರ್ ಪ್ರಯರ್ (ಚಿತ್ರ ಹೇಗಿರಬೇಕು ಅಂತ ಕಂಪ್ಯೂಟರ್‌ಗೆ ಮೊದ್ಲೇ ಹೇಳೋ ನಿಯಮ) ಕೊಡೋ ಉಪಾಯ ನಂಗೆ ತುಂಬಾ ಇಷ್ಟ: ಪ್ರತಿ ವಾಕ್ಸೆಲ್‌ಗೂ (3ಡಿ ಚಿತ್ರದ ಒಂದು ಪುಟ್ಟ ಚೌಕ) ಅಕ್ಕಪಕ್ಕದವರಲ್ಲಿ ಎಂಆರ್‌ಐ ಪ್ರಕಾರ ಅದರ ಥರಾನೇ ಕಾಣೋ ಕೆಲವರನ್ನ ಆರಿಸಿ ಅವರ ಜೊತೆ ಮಾತ್ರ ಸ್ಮೂತ್ ಮಾಡೋದು. ರಂಗೋಲಿಗೆ ಬಣ್ಣ ತುಂಬ್ದಂಗೆ, ಗೆರೆ ಎಂಆರ್‌ಐದು, ಬಣ್ಣ ಪೆಟ್‌ದು, ಗೆರೆ ದಾಟಿ ಬಣ್ಣ ಹೋಗಲ್ಲ, ಅಂಗಾಂಗಗಳನ್ನ ಮೊದ್ಲೇ ಬೇರೆ ಬೇರೆ ಗುರುತು ಮಾಡಿಟ್ಕೊಳ್ಳೋ ಕೆಲಸನೂ ಇಲ್ಲ.

ಆದ್ರೆ ಗಡ್ಡೆಗೇ ಗೆರೆ ಇಲ್ದಿದ್ರೆ? ಲಿವರ್ ಒಳಗಿನ ಗಡ್ಡೆ ಎಂಆರ್‌ಐಯಲ್ಲಿ ಕಾಣದೇ ಇದ್ರೆ ಅದನ್ನ ಮಾಮೂಲಿ ಲಿವರ್ ಜೊತೇನೇ ಸೇರಿಸಿ ಸ್ಮೂತ್ ಮಾಡುತ್ತೆ, ಇರೋ ಹೊಳಪೂ ಇಳಿಯುತ್ತೆ. ಅದಕ್ಕೇ ಲಿವರ್‌ನ ಹೊರಗಿನ ಅಂಚು ಒಂದೇ ಗೊತ್ತಿದ್ರೆ ಒಳಗಿನ ಗಡ್ಡೆ ಹುಡುಕೋಕೆ ಅಷ್ಟೇನೂ ಸಹಾಯ ಆಗಲ್ಲ, ಗಡ್ಡೆಯ ಅಂಚೇ ಬೇಕು. ಪರೀಕ್ಷೆಗೆ ಇದನ್ನ ಮರೀಬೇಡಿ.

ಇನ್ನೊಂದು, ಉಸಿರಾಟ. ಸಿಟಿ ಕೆಲವೇ ಸೆಕೆಂಡಲ್ಲಿ ಮುಗಿಯುತ್ತೆ, ಪೆಟ್ ನಿಮಿಷಗಟ್ಟಲೆ, ಅಷ್ಟರಲ್ಲಿ ವಪೆ (ಎದೆ, ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಎಷ್ಟು ಸಲ ಮೇಲೆ ಕೆಳಗೆ ಆಗಿರುತ್ತೋ! ಲಿವರ್ ತುದಿಯ ಗಡ್ಡೆ ಶ್ವಾಸಕೋಶದ ತಳದಲ್ಲಿದ್ದಂಗೆ ಕಾಣೋದು ಹೀಗೇನೇ. ಅದಕ್ಕೆ ಫ್ಯೂಷನ್ ಚಿತ್ರ (ಪೆಟ್, ಸಿಟಿ ಒಂದರ ಮೇಲೊಂದು ಇಟ್ಟದ್ದು) ತೆರೆದ ಕೂಡ್ಲೇ ಮೊದಲು ವಪೆ ಹತ್ರ ಎರಡೂ ಸರಿಯಾಗಿ ಕೂತಿದ್ಯಾ ನೋಡಿ, ಆಮೇಲೆ ಅಟೆನ್ಯುಯೇಶನ್ ಕರೆಕ್ಷನ್ (ಮೈಯೊಳಗೇ ತಡೆದು ಹೋದ ಕಿರಣಗಳ ಲೆಕ್ಕ ಸಿಟಿ ನೋಡಿ ಸರಿಪಡಿಸೋದು) ಮಾಡದಿರೋ ಚಿತ್ರನೂ ಪಕ್ಕಕ್ಕೆ ಇಟ್ಕೊಂಡು ಗಡ್ಡೆ ಹುಡುಕೋಕೆ ಹೋಗಿ.