ಓದುಗರ ಪ್ರಶ್ನೆ: ಮಿಶ್ರ ಮಾಧ್ಯಮವೆಂದರೆ ಚಿತ್ರ ಬರೆಯಲು ಬಾರದವರ ಅಡ್ಡದಾರಿಯೇ?

ಪ್ರಶ್ನೆ: ಬೆಂಗಳೂರಿನ ಗ್ಯಾಲರಿಯೊಂದರಲ್ಲಿ ಸಮೂಹ ಕಲಾ ಪ್ರದರ್ಶನ ನೋಡಿದೆವು. ಹಲವು ಕೃತಿಗಳ ಪಕ್ಕದ ಚೀಟಿಯಲ್ಲಿ ‘ಮಿಕ್ಸೆಡ್ ಮೀಡಿಯಾ’ ಎಂದಿತ್ತು. ಹಾಗೆಂದರೇನು? ಚಿತ್ರ ಬರೆಯಲು ಬಾರದವರು ಸಿಕ್ಕಿದ್ದನ್ನು ಅಂಟಿಸಿ ಹಾಗೆ ಕರೆದುಕೊಳ್ಳುತ್ತಾರೆ ಎಂದು ಜೊತೆಗಿದ್ದವರು ಹೇಳಿದರು. ನಿಜವೇ?

ಉತ್ತರ: ಮೊದಲ ಭಾಗದ ಉತ್ತರ ಚಿಕ್ಕದು. ಒಂದೇ ಕೃತಿಯೊಳಗೆ ಬೇರೆ ಬೇರೆ ಬಗೆಯ ಸಾಮಗ್ರಿಗಳು, ಅಂದರೆ ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಬಣ್ಣ, ಇದ್ದಿಲು, ಹಳೆಯ ಸೀರೆಯ ತುಂಡು, ತಾಮ್ರದ ತಂತಿ ಇಂಥವು ಕೂಡಿದ್ದರೆ ಅದು ಮಿಶ್ರ ಮಾಧ್ಯಮದ ಕೃತಿ. ಒಬ್ಬರು ತೈಲಚಿತ್ರ, ಇನ್ನೊಬ್ಬರು ಶಿಲ್ಪ, ಮತ್ತೊಬ್ಬರು ವಿಡಿಯೋ ಇಟ್ಟಿರುವ ಪ್ರದರ್ಶನದಲ್ಲಿ ಮಾಧ್ಯಮಗಳು ಹಲವಿದ್ದರೂ ಅಲ್ಲಿನ ತೈಲಚಿತ್ರ ತೈಲಚಿತ್ರವೇ.

ಎರಡನೆಯ ಭಾಗಕ್ಕೆ ನಾನು ತರಗತಿಯಲ್ಲಿಯೂ ಬರಹದಲ್ಲಿಯೂ ಮತ್ತೆ ಮತ್ತೆ ಉತ್ತರಿಸುತ್ತಲೇ ಬಂದಿದ್ದೇನೆ. ಆದರೂ ಈ ಮಾತು ಸಾಯುವುದಿಲ್ಲವಾದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಇದು ನಿಜವಲ್ಲ.

ಕ್ಯಾನ್ವಾಸಿಗೆ ಹೊರಗಿನ ವಸ್ತುವನ್ನು ಅಂಟಿಸಿದ ಆಧುನಿಕರಲ್ಲಿ ಎಲ್ಲರೂ ಮೊದಲು ಹೆಸರಿಸುವುದು ಪಿಕಾಸೊ ಅವರನ್ನು. 1912ರಲ್ಲಿ ಅವರು ಬೆತ್ತದ ಹೆಣಿಗೆಯ ಅಚ್ಚಿದ್ದ ಎಣ್ಣೆಲೇಪದ ಬಟ್ಟೆಯೊಂದನ್ನು ಅಂಡಾಕಾರದ ಸಣ್ಣ ಚಿತ್ರಕ್ಕೆ ಅಂಟಿಸಿ, ಚೌಕಟ್ಟಿನ ಬದಲು ಸುತ್ತಲೂ ಹಗ್ಗ ಸುತ್ತಿದರು. ಅದೇ ಪಿಕಾಸೊ 1897ರಲ್ಲಿ, ಇನ್ನೂ ಹದಿನೈದರ ಹುಡುಗನಾಗಿದ್ದಾಗ, ರೋಗಿಯ ಹಾಸಿಗೆಯ ಪಕ್ಕ ನಾಡಿ ಹಿಡಿದು ಕುಳಿತ ವೈದ್ಯನ ದೊಡ್ಡ ತೈಲಚಿತ್ರವನ್ನು ಶಾಸ್ತ್ರೀಯ ಕ್ರಮದಲ್ಲಿ ಬರೆದು ಮುಗಿಸಿದ್ದರು. ಇವರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ ಎಂದು ಯಾರು ಹೇಳಬಲ್ಲರು?

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಮೂರರಲ್ಲಿಯೂ ಅಭ್ಯಾಸ ಮಾಡಿ, ಚಿತ್ರಕಾರರಾಗಿ ಪಳಗಿದ ಮೇಲೆಯೇ, 1990ರ ದಶಕದಲ್ಲಿ ಸಗಣಿ, ಕುಂಕುಮ, ದಾರಗಳತ್ತ ಹೊರಳಿದರು. ಅವರ ಒಂದು ಪ್ರಸಿದ್ಧ ಕೃತಿಯಲ್ಲಿ ನೂಲನ್ನು ಸೂಜಿಗಳ ಕಣ್ಣಿನ ಮೂಲಕ ಉದ್ದಕ್ಕೂ ಎಳೆದು, ಎಳೆಗಳನ್ನೆಲ್ಲ ಕುಂಕುಮ, ಅಂಟುಗಳಿಂದ ಒಂದುಗೂಡಿಸಿ ಕೆಂಪು ಹಗ್ಗವಾಗಿಸಲಾಗಿದೆ. ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಗೋಡೆಯ ಮೇಲೂ ನೆಲದ ಮೇಲೂ ಹರಿದಾಡುವ ಆ ಕೆಂಪು ಗೆರೆಯ ತಿರುವುಗಳನ್ನು ಗಮನಿಸಿದವರಿಗೆ ಅದು ರೇಖೆ ಎಳೆಯುವುದರಲ್ಲಿ ನುರಿತ ಕೈಯ ಕೆಲಸವೆಂದು ತಿಳಿಯುತ್ತದೆ. 2009ರ ಇನ್ನೊಂದು ಕೃತಿಯಲ್ಲಿ ಅವರು ಸುಮಾರು 4,000 ಮೀಟರ್ ಕೂದಲಿನ ಹಗ್ಗದಿಂದ ಕಾರಿನ ಬಂಪರ್‌ಗಳನ್ನು ತೂಗುಹಾಕಿದರು. ದೃಷ್ಟಿ ತಾಗದಿರಲೆಂದು ನಮ್ಮ ಚಾಲಕರು ಗಾಡಿಗೆ ಕಟ್ಟುವ ಕೂದಲ ಹಗ್ಗ ಗೊತ್ತಿರುವವರಿಗೆ ಆ ಕೃತಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮೈಸೂರು ಶೈಲಿಯ ದೇವರ ಚಿತ್ರ. ರೇಖೆ ಎಳೆದ ಮೇಲೆ ಕಿರೀಟ, ಪ್ರಭಾವಳಿ, ಆಭರಣಗಳಿರುವ ಕಡೆ ಬಿಳಿ ಪುಡಿ, ಅಂಟುಗಳ ಮಿಶ್ರಣದಿಂದ ತೆಳ್ಳನೆಯ ಉಬ್ಬುಕೆಲಸ ಮಾಡಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಬಣ್ಣ, ಉಬ್ಬು, ಲೋಹ ಮೂರೂ ಒಂದೇ ಹಲಗೆಯ ಮೇಲಿವೆ. ಇದನ್ನು ಪೂಜಿಸುವಷ್ಟು ಗೌರವದಿಂದ ಕಾಣುವವರೇ ಗ್ಯಾಲರಿಯಲ್ಲಿ ತಾಮ್ರದ ತಂತಿ ಕಂಡಾಗ ಮುಖ ಸಿಂಡರಿಸುವುದು ನನಗೆ ಬೇಸರ ತರಿಸುತ್ತದೆ.

ಅಂಟಿಸುವುದು ಸುಲಭ ಎನ್ನುವವರು ಒಮ್ಮೆ ಮಾಡಿ ನೋಡಬೇಕು. ಪತ್ರಿಕೆಯ ತುಂಡೊಂದರ ಅಕ್ಷರಗಳು ನಾಲ್ಕು ಹೆಜ್ಜೆ ದೂರದಿಂದ ಬೂದುಬಣ್ಣದ ಛಾಯೆಯಾಗಿಬಿಡುತ್ತವೆ. ಆ ಛಾಯೆ ಪಕ್ಕದ ಇದ್ದಿಲಿನ ಛಾಯೆಗೆ ಹೊಂದಬೇಕು. ಕಾಗದ ಹರಿದಾಗ ಅಂಚಿನಲ್ಲಿ ಉಳಿಯುವ ಬಿಳಿಯ ಎಳೆ ಕೂಡ ಗೆರೆಯೇ, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಲಾವಿದರು ಮೊದಲೇ ಕಂಡಿರಬೇಕು. ಇದನ್ನು ಹಿಡಿದ ವಿದ್ಯಾರ್ಥಿಗಳ ರೇಖಾಚಿತ್ರವೂ ಸುಧಾರಿಸಿದ್ದನ್ನು ನಾನು ಹೆಮ್ಮೆಯಿಂದ ನೋಡಿದ್ದೇನೆ. ಕಳಪೆ ಕೃತಿಗಳು ಇಲ್ಲವೆಂದಲ್ಲ. ಅವು ಜಲವರ್ಣದಲ್ಲಿಯೂ ಬೇಕಾದಷ್ಟಿವೆ, ಅದಕ್ಕಾಗಿ ಜಲವರ್ಣವನ್ನು ಯಾರೂ ದೂರುವುದಿಲ್ಲ.

ಪ್ರಶ್ನೆಯಲ್ಲಿ ಇಲ್ಲದಿದ್ದರೂ, ಇಂಥ ಕೃತಿಯನ್ನು ಕೊಳ್ಳುವವರು ಕೇಳಲೇಬೇಕಾದದ್ದು ಬಾಳಿಕೆಯ ವಿಚಾರ. ಸುದ್ದಿಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ ಅದು ಬೆಳಕಿಗೆ ಹಳದಿಯಾಗುತ್ತದೆ. ಒಣಗಿದ ಅಕ್ರಿಲಿಕ್ಕಿನ ಮೇಲೆ ತೈಲವರ್ಣ ನಿಲ್ಲುತ್ತದೆ, ತೈಲವರ್ಣದ ಮೇಲೆ ಅಕ್ರಿಲಿಕ್ ಹಚ್ಚಿದರೆ ಕಾಲಕ್ರಮೇಣ ಸಿಪ್ಪೆ ಏಳುತ್ತದೆ. ಭಾರದ ವಸ್ತುಗಳಿದ್ದರೆ ಕ್ಯಾನ್ವಾಸ್ ಜೋತುಬೀಳುವುದರಿಂದ ಮರದ ಹಲಗೆಯೇ ಮೇಲು. ಮೈದಾ ಅಂಟು ಬಳಸಿದ್ದರೆ ಮಳೆಗಾಲದ ತೇವಕ್ಕೆ ಬೂಷ್ಟು, ಆಮೇಲೆ ಹುಳು. ಆದ್ದರಿಂದ ಯಾವ ಅಂಟು, ಯಾವ ವಾರ್ನಿಷ್ ಬಳಸಿದ್ದಾರೆಂದು ಕಲಾವಿದರಿಂದಲೇ ಬರೆಸಿಕೊಂಡು ಚೌಕಟ್ಟಿನ ಹಿಂಬದಿಗೆ ಅಂಟಿಸಿಡಿ. ಮುಂದೆ ದುರಸ್ತಿ ಮಾಡುವವರಿಗೆ ಅದು ಬೇಕಾಗುತ್ತದೆ. ಗಾಜು ಹಾಕಿಸುವುದಾದರೆ ಉಬ್ಬಿದ ಭಾಗಕ್ಕೆ ತಗಲದಂತೆ ಆಳವಾದ ಪೆಟ್ಟಿಗೆ ಚೌಕಟ್ಟು ಮಾಡಿಸಿ. ಧೂಳನ್ನು ಮೆತ್ತನೆಯ ಒಣ ಕುಂಚದಿಂದ ತೆಗೆಯಿರಿ, ಒದ್ದೆ ಬಟ್ಟೆ ತಾಗಿಸಬೇಡಿ.