‘ಆಗೂದಿಲ್ಲ’ ಅಂದರೆ ಯಾವ ‘ಇಲ್ಲ’? ಬಂಜೆತನ ಚಿಕಿತ್ಸೆಯ ಅರ್ಹತೆ ಬಗ್ಗೆ ಟಿಪ್ಪಣಿ

ಕೌನ್ಸೆಲಿಂಗ್ ಡ್ಯೂಟಿಗೆ ತಯಾರಾಗುತ್ತಿರುವ ನರ್ಸಿಂಗ್ ಗೆಳೆಯರಿಗೆ. ಅಂಡಾಣು, ಗರ್ಭನಾಳ, ಹಾರ್ಮೋನು ನಿಮಗೆ ಗೊತ್ತೇ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಆಸ್ಪತ್ರೆಯವರು ‘ಆಗೂದಿಲ್ಲ’ ಅಂದಾಗ ಅದರಲ್ಲಿ ಮೂರು ಬೇರೆ ಬೇರೆ ಅರ್ಥ ಇರಬಹುದು. ಕಾನೂನು ಬಿಡುವುದಿಲ್ಲ ಎಂಬುದು ಒಂದು. ದೇಹ ಬಸಿರನ್ನು ತಾಳಲಾರದು ಎಂಬುದು ಇನ್ನೊಂದು. ‘ಈಗ ಬೇಡ, ಇದನ್ನು ಸರಿಮಾಡಿಕೊಂಡು ಬರ್ರಿ’ ಎಂಬುದು ಮೂರನೆಯದು. ಬಂದವರಿಗೆ ಮೂರೂ ಒಂದೇ ಥರ ಕೇಳಿಸುತ್ತವೆ. ಮೂರನೆಯದನ್ನು ಮೊದಲನೆಯದೆಂದು ತಿಳಿದು ಮನೆ ಹಿಡಿಯುವವರೇ ಹೆಚ್ಚು.

ಕಾಯ್ದೆಯ ಹೆಸರು

ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ, 2021. ಜಾರಿಗೆ ಬಂದದ್ದು 25 ಜನವರಿ 2022. ಇಂಗ್ಲಿಷ್ ಹೆಸರಿನ ಮೊದಲಕ್ಷರ ಹಿಡಿದು ರೂಢಿಯಲ್ಲಿ ‘ಎಆರ್‌ಟಿ ಕಾಯ್ದೆ’. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ‘ಎಆರ್‌ಟಿ ಸೆಂಟರ್’ ಅಂದರೆ ಎಚ್‌ಐವಿ ಮಾತ್ರೆ ಕೊಡುವ ಕಡೆ. ರೆಫರಲ್ ಚೀಟಿಯಲ್ಲಿ ಬರೀ ‘ಎಆರ್‌ಟಿ’ ಎಂದು ಬರೆದರೆ ದಂಪತಿ ಆ ಸಾಲಿನಲ್ಲಿ ಹೋಗಿ ನಿಲ್ಲುತ್ತಾರೆ. ‘ಐವಿಎಫ್’ (ಅಂಡಾಣು, ವೀರ್ಯಾಣುವನ್ನು ದೇಹದ ಹೊರಗೆ ಕೂಡಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು) ಅಥವಾ ‘ಬಂಜೆತನ ಚಿಕಿತ್ಸೆ’ ಎಂದೇ ಬರೆಯಿರಿ.

ವಯಸ್ಸು: ಎಲ್ಲರೂ ಎಡವುವುದು ಇಲ್ಲೇ

ಹೆಣ್ಣಿಗೆ 21ರ ಮೇಲೆ, 50ರ ಒಳಗೆ. ಗಂಡಿಗೆ 21ರ ಮೇಲೆ, 55ರ ಒಳಗೆ. ಇಷ್ಟೇ. ಆದರೆ ಇದರ ಜೊತೆ ಇನ್ನೆರಡು ಲೆಕ್ಕ ಬಂದು ಬೆರೆಯುತ್ತವೆ. ಅಂಡಾಣು ಕೊಡುವ ದಾನಿಗೆ 23ರಿಂದ 35. ಬಾಡಿಗೆ ತಾಯ್ತನ ಬೇರೆಯೇ ಕಾಯ್ದೆ. ಅಲ್ಲಿ ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55, ವಿಧವೆ ಅಥವಾ ವಿಚ್ಛೇದಿತೆಗೆ 35ರಿಂದ 45. ‘ಒಂಟಿ ಹೆಂಗಸಾದರ 35 ಆಗಿರಬೇಕು’ ಎಂದು ಐವಿಎಫ್‌ಗೆ ಬಂದವಳಿಗೆ ಹೇಳಿದರೆ ತಪ್ಪು. ಅದು ಬಾಡಿಗೆ ತಾಯ್ತನದ ಅಂಕಿ.

‘50ರ ಒಳಗೆ’ ಅಂದರೆ 50 ತುಂಬಿದ ದಿನವೇ ಹೊರಗೆ. ಯಾವ ದಿನದ ವಯಸ್ಸು ಎಂಬುದು ಮುಂದಿನ ಪ್ರಶ್ನೆ. ಹೆಸರು ನೋಂದಾಯಿಸಿದ ದಿನದ್ದು ಸಾಲದು. ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದೂ ಕಾಯ್ದೆ ಹೇಳುವ ಸೇವೆಯೇ. ಹಾಗಾಗಿ ಆ ದಿನದವರೆಗೂ ವಯಸ್ಸು ಒಳಗಿರಬೇಕೆಂದು ಹಿಡಿದು ಹಿಂದಕ್ಕೆ ಎಣಿಸಿ.

ಒಂದು ಲೆಕ್ಕ. ಗಂಡನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 01-06-1971, ಹೆಂಡತಿಗೆ 41. ಗಂಡನಿಗೆ 55 ತುಂಬುವುದು 1 ಜೂನ್ 2026. ಹೆಂಡತಿ ಮುಟ್ಟಾಗಿದ್ದು ಏಪ್ರಿಲ್ 10 ಅನ್ನಿ. 11ರಿಂದ 21ರವರೆಗೆ 11 ದಿನ ಅಂಡಾಣು ಬೆಳೆಸುವ ಇಂಜೆಕ್ಷನ್. 22ರ ರಾತ್ರಿ 9:30ಕ್ಕೆ ಟ್ರಿಗರ್, ಅಂದರೆ ಅಂಡಾಣು ಪಕ್ವವಾಗಿಸುವ ಕೊನೆಯ ಇಂಜೆಕ್ಷನ್. ಅಲ್ಲಿಂದ 36 ತಾಸು, ಅಂದರೆ 24ರ ಬೆಳಿಗ್ಗೆ 9:30ಕ್ಕೆ ಅಂಡಾಣು ತೆಗೆಯುವುದು. ಐದನೇ ದಿನ, 29ಕ್ಕೆ, ಭ್ರೂಣ ಬಿಟ್ಟರೆ ಚಿಂತೆಯಿಲ್ಲ. ಆದರೆ ಅಂಡಾಶಯ ವಿಪರೀತ ಉಬ್ಬಿ ಭ್ರೂಣ ಫ್ರೀಜ್ ಮಾಡಬೇಕಾಯಿತು ಅನ್ನಿ. ಮುಂದಿನ ಮುಟ್ಟು ಮೇ 6ರ ಸುಮಾರು. ಗರ್ಭಕೋಶದ ಒಳಪದರ ಬೆಳೆಸಲು 14 ದಿನ, ಮೇ 20. ಆ ಪದರವನ್ನು ಭ್ರೂಣಕ್ಕೆ ಸಜ್ಜುಮಾಡುವ ಪ್ರೊಜೆಸ್ಟರಾನ್ ಹಾರ್ಮೋನು 5 ದಿನ, ಮೇ 25ಕ್ಕೆ ಭ್ರೂಣ ಬಿಡಬಹುದು. ಒಳಪದರ 7 ಮಿಲಿಮೀಟರ್ ಮುಟ್ಟಲಿಲ್ಲ, ಇನ್ನೊಂದು ವಾರ ಕಾಯಿರಿ ಎಂದರೆ? ಮೇ 27, ಅದಕ್ಕೆ 5 ದಿನ ಸೇರಿಸಿದರೆ ಜೂನ್ 1. ಗಂಡನಿಗೆ ಅವತ್ತೇ 55. ಇಬ್ಬರಲ್ಲಿ ಒಬ್ಬರು ಗಡಿ ದಾಟಿದರೂ ದಂಪತಿಯ ಫೈಲು ಸಾಮಾನ್ಯವಾಗಿ ನಿಂತುಬಿಡುತ್ತದೆ. ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರೂ ಇದ್ದಾರೆ. ಆದರೆ ಕೋರ್ಟಿನ ದಾರಿಯನ್ನು ನಂಬಿ ತಾರೀಖು ಹಾಕಬಾರದು. ಗಡಿಯ ಹತ್ತಿರ ಇರುವವರಿಗೆ ಕನಿಷ್ಠ ಎರಡು ಮುಟ್ಟಿನಷ್ಟು ಬಿಡುವು ಇಟ್ಟುಕೊಂಡೇ ಶುರುಮಾಡಿಸಿ.

ಈಗ ಅಸಲಿ ತೊಡಕು. ನಮ್ಮ ಕಡೆ ಐವತ್ತರ ಆಸುಪಾಸಿನವರ ಶಾಲೆ ದಾಖಲೆಯಲ್ಲಿ ಅರ್ಧಕ್ಕರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ! ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ದಿನ ಅದು. ಆಧಾರಿನಲ್ಲಿ ಬಾಯಿಮಾತಿನ ವಯಸ್ಸು ಹೇಳಿದವರಿಗೆ ಜನವರಿ 1 ಬಂದಿರುತ್ತದೆ. ಮೇಲಿನ ಗಂಡನ ಆಧಾರಿನಲ್ಲಿ 01-01-1972 ಇದ್ದರೆ ಏಳು ತಿಂಗಳ ಅಂತರ. ಒಂದು ಕಾಗದದ ಪ್ರಕಾರ ಹೊರಗೆ, ಇನ್ನೊಂದರ ಪ್ರಕಾರ ಒಳಗೆ. ‘ಅಕ್ಕಾರ, ಆಧಾರ ತೊಗೋರಿ, ಅದು ಸರ್ಕಾರದ್ದ ಐತಲ್ಲ’ ಅನ್ನುತ್ತಾರೆ. ಆಧಾರ್ ಗುರುತಿಗೆ ಪುರಾವೆ, ಹುಟ್ಟಿದ ದಿನಕ್ಕಲ್ಲ. ಜನನ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಗಟ್ಟಿ. ಎರಡು ತಾರೀಖು ಕಂಡರೆ ಇಂಜೆಕ್ಷನ್ ಶುರುವಾಗುವ ಮೊದಲೇ ಹೇಳಬೇಕು. ಹಣ ಕಟ್ಟಿದ ಮೇಲೆ ಹೇಳಿದರೆ ಬೈಗುಳ ಗ್ಯಾರಂಟಿ, ಅದು ನ್ಯಾಯವೂ ಹೌದು.

ಇನ್ನೊಂದು ಸೂಕ್ಷ್ಮ. ವೀರ್ಯ ಅಥವಾ ಅಂಡಾಣುವನ್ನು ದೇಹದ ಹೊರಗೆ ನಿರ್ವಹಿಸಿದರೆ ಮಾತ್ರ ಈ ಕಾಯ್ದೆ. ಐಯುಐ (ವೀರ್ಯವನ್ನು ನಳಿಕೆಯಿಂದ ನೇರವಾಗಿ ಗರ್ಭಕೋಶಕ್ಕೆ ಬಿಡುವುದು) ಕೂಡ ಅದರೊಳಗೆ, ಏಕೆಂದರೆ ಅದಕ್ಕೆ ಮೊದಲು ವೀರ್ಯವನ್ನು ಲ್ಯಾಬಿನಲ್ಲಿ ತೊಳೆಯುತ್ತಾರೆ. ಬರೀ ಅಂಡಾಣು ಬೆಳೆಸುವ ಲೆಟ್ರೋಜೋಲ್ ಗುಳಿಗೆ ಕೊಟ್ಟು, ಸ್ಕ್ಯಾನ್ ಮಾಡಿ, ಗಂಡ ಹೆಂಡತಿ ಕೂಡುವ ದಿನ ಹೇಳಿ ಕಳಿಸಿದರೆ ಅದಕ್ಕೆ ಈ ವಯಸ್ಸಿನ ಗಡಿ ಅನ್ವಯಿಸುವುದಿಲ್ಲ.

ಯಾರಿಗೆ ಉಂಟು, ಯಾರಿಗಿಲ್ಲ

ಮದುವೆಯಾದ ದಂಪತಿಗೆ ಉಂಟು. ಒಂಟಿ ಮಹಿಳೆಗೂ ಉಂಟು, ಅವಿವಾಹಿತೆ, ವಿಧವೆ, ವಿಚ್ಛೇದಿತೆ ಯಾರಾದರೂ. ಮದುವೆಯಿಲ್ಲದೆ ಕೂಡಿರುವ ಜೋಡಿಗೆ ‘ದಂಪತಿ’ ಎಂಬ ಲೆಕ್ಕದಲ್ಲಿ ಇಲ್ಲ, ಒಂಟಿ ಗಂಡಸಿಗೂ ಇಲ್ಲ. ಗುಡಿಯಲ್ಲಿ ತಾಳಿ ಕಟ್ಟಿ ಕಾಗದ ಮಾಡಿಸದವರು ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನೋಂದಾಯಿಸಲಿ. ಇದು ಅಪ್ಪಟ ಮೂರನೇ ಥರದ ‘ಇಲ್ಲ’.

ಸೋದರಮಾವನ ಜೊತೆ ಮದುವೆಯಾಗಿದ್ದರೆ ಅಡ್ಡಿಯಿಲ್ಲ. ತಳಿ ಸಲಹೆ ಕೊಡಿಸಬೇಕು ಅಷ್ಟೆ. ಮೊದಲೇ ಮಗುವಿದ್ದರೂ ಐವಿಎಫ್‌ಗೆ ಅಡ್ಡಿಯಿಲ್ಲ. ಮಗುವಿರಬಾರದೆಂಬ ಷರತ್ತು ಬಾಡಿಗೆ ತಾಯ್ತನದ್ದು. ಸಂತಾನಹರಣ ಆಪರೇಷನ್ ಆದವಳು ಒಂದು ವರ್ಷ ಕಾಯಲೇಬೇಕೆಂದಿಲ್ಲ. ‘ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ’ ಎಂಬುದರ ಪಕ್ಕದಲ್ಲೇ ‘ಅಥವಾ ಬೇರೆ ಸಾಬೀತಾದ ವೈದ್ಯಕೀಯ ಕಾರಣ’ ಎಂದೂ ಕಾಯ್ದೆ ಹೇಳುತ್ತದೆ.

ಗಂಡು ಮಗುವೇ ಬೇಕು ಎಂದು ಕೇಳಿದರೆ ಮಾತು ಅಲ್ಲಿಗೇ ಮುಗಿಯಿತು. ಲಿಂಗ ಆಯ್ಕೆ ಮಾಡಿಕೊಟ್ಟವರಿಗೆ 5ರಿಂದ 10 ವರ್ಷ ಜೈಲು ಅಥವಾ 10ರಿಂದ 25 ಲಕ್ಷ ರೂಪಾಯಿ ದಂಡ ಅಥವಾ ಎರಡೂ.

ದೇಹದ ‘ಇಲ್ಲ’, ‘ಈಗ ಬೇಡ’

ಪಕ್ಕಾ ‘ಇಲ್ಲ’ ಕಡಿಮೆ. ಶ್ವಾಸಕೋಶದ ರಕ್ತನಾಳದ ಒತ್ತಡ ತೀವ್ರವಾಗಿದ್ದರೆ ಬಸಿರೇ ಜೀವಕ್ಕೆ ಅಪಾಯ. ಹೃದಯದ ಕವಾಟ ತೀರಾ ಕಿರಿದಾಗಿದ್ದರೆ ಮೊದಲು ಕವಾಟ, ಆಮೇಲೆ ಐವಿಎಫ್. ಉಳಿದವು ಬಹುತೇಕ ಮುಂದೂಡಿಕೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 10 ದಾಟಿದ್ದರೆ ನಿಲ್ಲಿಸಿ 6.5ರ ಹತ್ತಿರ ತರಬೇಕು. ಗರ್ಭಕೋಶದ ಕ್ಷಯಕ್ಕೆ 6 ತಿಂಗಳ ಮಾತ್ರೆ ಮುಗಿಯಬೇಕು. ನೀರು ತುಂಬಿದ ಗರ್ಭನಾಳವನ್ನು ಮೊದಲು ತೆಗೆಯಬೇಕು ಅಥವಾ ಕಟ್ಟಬೇಕು, ಇಲ್ಲದಿದ್ದರೆ ಆ ನೀರು ಗರ್ಭಕೋಶಕ್ಕೆ ಇಳಿದು ಭ್ರೂಣ ನಿಲ್ಲಲು ಬಿಡುವುದಿಲ್ಲ. ರೂಬೆಲ್ಲಾ ಲಸಿಕೆ ಹಾಕಿಸಿದರೆ ಒಂದು ತಿಂಗಳು, ಜೀವಕೋಶದ ಬೆಳವಣಿಗೆ ತಡೆಯುವ ಮೆಥೋಟ್ರೆಕ್ಸೇಟ್ ಔಷಧಿ ಕೊಟ್ಟಿದ್ದರೆ ಮೂರು ತಿಂಗಳು ಕಾಯಬೇಕು. ಎಚ್‌ಐವಿ ಇದ್ದರೆ ‘ಇಲ್ಲ’ ಅಲ್ಲ. ವೈರಸ್ ಹತೋಟಿಯಲ್ಲಿದ್ದರೆ ದಾರಿಯಿದೆ.

ಎಎಂಎಚ್ (ಅಂಡಾಶಯದ ಒಂದು ಹಾರ್ಮೋನಿನ ರಕ್ತಪರೀಕ್ಷೆ) ಕಡಿಮೆ ಬಂತೆಂದು ಅಳುತ್ತ ಬರುವವರಿಗೆ ಬಿಡಿಸಿ ಹೇಳಿ. ಅದು ಅರ್ಹತೆಯ ಅಂಕಿಯಲ್ಲ, ಎಷ್ಟು ಅಂಡಾಣು ಸಿಗಬಹುದು ಎಂಬ ಅಂದಾಜು. ‘ನಿಮ್ಮ ಅಂಡಾಣುವಿನಿಂದ ಆಗುವುದು ಕಷ್ಟ’ ಎನ್ನುವುದಕ್ಕೂ ‘ಚಿಕಿತ್ಸೆಯೇ ಇಲ್ಲ’ ಎನ್ನುವುದಕ್ಕೂ ಬಹಳ ದೂರ.

ಗಂಡನ ಕಡೆ: ವೀರ್ಯಾಣು ಮಿಲಿಲೀಟರಿಗೆ 16 ಮಿಲಿಯನ್‌ಗಿಂತ ಕಡಿಮೆ ಬಂದರೆ ಒಂದೇ ವರದಿಗೆ ನಿರ್ಧಾರ ಬೇಡ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಎದುರು ನಿಲ್ಲುವವರು, ಗುಟ್ಕಾ ಹಾಕುವವರು ಅದನ್ನು ಬಿಟ್ಟು ಮೂರು ತಿಂಗಳ ನಂತರ ಮತ್ತೆ ಮಾಡಿಸಲಿ, ಏಕೆಂದರೆ ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಸೊನ್ನೆ ಬಂದರೂ ವೃಷಣದಿಂದ ನೇರವಾಗಿ ತೆಗೆಯುವ ದಾರಿ ಇದೆ.

ಬಾಗಿಲು ತಪ್ಪಿದ್ದು, ದುಡ್ಡು

ಮೊದಲ ಹಂತದ ಕ್ಲಿನಿಕ್ಕಿಗೆ ಐಯುಐವರೆಗೆ ಮಾತ್ರ ಅನುಮತಿ. ಐವಿಎಫ್ ಎರಡನೇ ಹಂತದಲ್ಲಿ. ಮೊದಲ ಹಂತದವರು ‘ನಮ್ಮಲ್ಲಿ ಆಗೂದಿಲ್ಲ’ ಅಂದರೆ ಆ ದಂಪತಿಗೆ ಅರ್ಹತೆ ಇಲ್ಲವೆಂದಲ್ಲ. ವಿಮೆಯಲ್ಲಿ ‘ಎಕ್ಸ್‌ಕ್ಲೂಷನ್ 17’ ಎಂಬ ಸಾಲು ಬಂಜೆತನವನ್ನು ಹೊರಗಿಡುತ್ತದೆ. ಆಯುಷ್ಮಾನ್ ಭಾರತದಲ್ಲೂ ಇದು ಹೊರಗೇ. ವಿಮೆ ಕಂಪನಿಯ ‘ಇಲ್ಲ’ವನ್ನು ಆಸ್ಪತ್ರೆಯ ‘ಇಲ್ಲ’ದ ಜೊತೆ ಸೇರಿಸಬೇಡಿ.

ಸಹಿಯ ವಿಷಯ: ಲಿಖಿತ ಒಪ್ಪಿಗೆ ಇಲ್ಲದೆ ಒಂದು ಹೆಜ್ಜೆಯೂ ಇಲ್ಲ, ಮತ್ತು ಭ್ರೂಣ ಬಿಡುವ ಕ್ಷಣದವರೆಗೂ ಒಪ್ಪಿಗೆ ಹಿಂಪಡೆಯಬಹುದು. ಗಂಡ ಕಬ್ಬು ಕಡಿಯಲು ಬೇರೆ ಜಿಲ್ಲೆಗೆ ಹೋಗಿದ್ದರೆ ಆ ಹಂಗಾಮು ನೋಡಿ ತಾರೀಖು ಹಾಕಿ.

ಫೈಲಿನಲ್ಲಿ ‘ಅನರ್ಹ’ ಎಂಬ ಒಂದೇ ಪದ ಬರೆಯಬೇಡಿ. ಹೀಗೆ ಬರೆಯಿರಿ: ‘ಈಗ ಬೇಡ: ಎಚ್‌ಬಿಎ1ಸಿ 10.8, ಮೂರು ತಿಂಗಳ ನಂತರ ಮರುಪರೀಕ್ಷೆ.’ ಒಂದು ಪ್ರತಿ ದಂಪತಿಯ ಕೈಗೆ.