ಹಳೆಯ ಕಾರಿನ ಗೇರ್ ಬಾಕ್ಸ್: ಮ್ಯಾನ್ಯುಯಲ್ಲೋ, ಆಟೋಮ್ಯಾಟಿಕ್ಕೋ?

ಬೆಳಗಾವಿಯ ಯಾವುದೇ ಆಟೋ ಕನ್ಸಲ್ಟಂಟ್ ಅಂಗಳದಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಮುಂದೆ ನಿಂತವರಿಗೆ ಮೊದಲು ಕೇಳಿಬರುವ ಮಾತು ‘ಬರೇ ನಲವತ್ತು ಸಾವಿರ ಓಡೇತ್ರಿ’ ಎಂಬುದು. ಟೈರು, ಬೇರಿಂಗ್, ಇಂಜಿನ್‌ಗಳ ಸವೆತವನ್ನು ಅಂದಾಜು ಮಾಡಲು ಆ ಅಂಕಿ ತಕ್ಕಮಟ್ಟಿಗೆ ನೆರವಾಗುತ್ತದೆ. ಆದರೆ ಮೀಟರ್ ಎಣಿಸುವುದು ಚಕ್ರಗಳು ಉರುಳಿದ ದೂರವನ್ನು. ಇಂಜಿನ್ನನ್ನು ಚಕ್ರಗಳಿಗೆ ಜೋಡಿಸುವ, ಬಿಡಿಸುವ ಕ್ಲಚ್ ಸವೆಯುವುದೋ ಚಕ್ರಗಳು ಇನ್ನೂ ಸರಿಯಾಗಿ ಉರುಳಲು ತೊಡಗದ ಕ್ಷಣಗಳಲ್ಲಿ. ಮ್ಯಾನ್ಯುಯಲ್ ಕೊಳ್ಳಬೇಕೋ ಆಟೋಮ್ಯಾಟಿಕ್ ಕೊಳ್ಳಬೇಕೋ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಈ ಕ್ಷಣಗಳಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಪೆಟ್ರೋಲ್ ಇಂಜಿನ್ ನಿಮಿಷಕ್ಕೆ ಸುಮಾರು 700–800 ಸುತ್ತುಗಳಿಗಿಂತ ನಿಧಾನವಾಗಿ ತಿರುಗಲಾರದು, ತಿರುಗಿಸಿದರೆ ನಿಂತುಹೋಗುತ್ತದೆ. ಚಕ್ರಗಳಾದರೋ ಸೊನ್ನೆಯಿಂದಲೇ ಹೊರಡಬೇಕು. ಆದ್ದರಿಂದ ನಿಂತ ಕಾರು ಹೊರಡುವ ಪ್ರತಿ ಸಲವೂ ಇಂಜಿನ್ ಮತ್ತು ಚಕ್ರಗಳ ನಡುವೆ ಎಲ್ಲಿಯೋ ಒಂದು ಕಡೆ ಜಾರುವಿಕೆ ನಡೆಯಲೇಬೇಕು. ಅಂಗೈಗಳನ್ನು ಒತ್ತಿ ಉಜ್ಜಿದಾಗ ಬಿಸಿಯಾಗುವಂತೆ, ಜಾರಿದ ಕಡೆ ಶಾಖ ಹುಟ್ಟುತ್ತದೆ. ಆ ಶಾಖವನ್ನು ಯಾವ ಭಾಗ ಹೊರುತ್ತದೆ, ಅದು ಎಷ್ಟು ಬೇಗ ಹೊರಹೋಗುತ್ತದೆ ಎಂಬುದರಲ್ಲೇ ಗೇರ್ ಬಾಕ್ಸ್‌ಗಳ ನಡುವಿನ ಮುಖ್ಯ ವ್ಯತ್ಯಾಸ ಅಡಗಿದೆ.

ಲೆಕ್ಕ ಕಷ್ಟದ್ದೇನಲ್ಲ. 1,000 ಕಿಲೋ ತೂಕದ ಕಾರು ಮೊದಲ ಗೇರಿನಲ್ಲಿ ಹೊರಟು, ಗಂಟೆಗೆ 10 ಕಿ.ಮೀ. ವೇಗಕ್ಕೆ ಬಂದಾಗ ಕ್ಲಚ್ ಪೂರ್ತಿ ಹಿಡಿಯಿತು ಎಂದುಕೊಳ್ಳೋಣ. ಆಗ ಕಾರಿಗೆ ದೊರೆತ ಚಲನಶಕ್ತಿ ಸುಮಾರು 3,900 ಜೂಲ್. ಅಷ್ಟು ಹೊತ್ತು ಇಂಜಿನ್ ಒಂದೇ ವೇಗದಲ್ಲಿ ತಿರುಗಿದ್ದರೆ, ಸಮತಟ್ಟು ರಸ್ತೆಯಲ್ಲಿ, ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕ್ಲಚ್ ಪ್ಲೇಟಿನಲ್ಲಿ ಶಾಖವಾಗುತ್ತದೆ. ಕ್ಲಚ್ ಪ್ಲೇಟನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟುಗಳಲ್ಲಿ ಈ ಶಾಖವನ್ನು ಹೀರುವ ಕಬ್ಬಿಣ 5 ಕಿಲೋ ಎಂದು ಹಿಡಿದರೆ, ಒಂದು ಸಲಕ್ಕೆ ಅದರ ತಾಪ 2 ಡಿಗ್ರಿಯೂ ಏರುವುದಿಲ್ಲ. ಅಪಾಯವಿರುವುದು ಆರಲು ಬಿಡುವು ಕೊಡದೆ ಮತ್ತೆ ಮತ್ತೆ ನಿಂತು ಹೊರಡುವುದರಲ್ಲಿ. ಅದಕ್ಕಿಂತ ಕೆಟ್ಟದ್ದು, ಬ್ರೇಕ್ ಹಿಡಿಯದೆ, ಪೆಡಲ್ ಅರ್ಧವಷ್ಟೇ ಬಿಟ್ಟ ಹಾಫ್ ಕ್ಲಚ್‌ನಲ್ಲಿ ಏರಿನ ಮೇಲೆ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಘಟ್ಟದ ತಿರುವಿನಲ್ಲಿ ಇದೇ ಕಾರನ್ನು ಹಾಗೆ ನಿಲ್ಲಿಸಿದರೆ ಪ್ರತಿ ಸೆಕೆಂಡಿಗೆ ಸುಮಾರು 2,700 ಜೂಲ್ ಶಾಖ ಹುಟ್ಟುತ್ತದೆ. ಹತ್ತು ಸೆಕೆಂಡು ನಿಂತರೆ ಏಳು ಸಲ ಹೊರಟಷ್ಟು ಸವೆತ, ಮೀಟರಿನಲ್ಲಿ ಮಾತ್ರ ಸೊನ್ನೆ.

ಆದುದರಿಂದ ಪುಣೆಯ ಸಿಗ್ನಲ್‌ಗಳ ನಡುವೆ 40,000 ಕಿ.ಮೀ. ತೆವಳಿ ನಮ್ಮೂರಿಗೆ ಬಂದ ಕಾರಿನ ಕ್ಲಚ್, ವಿಜಯಪುರ–ಬಾಗಲಕೋಟೆಯ ನೇರ ರಸ್ತೆಯಲ್ಲಿ ಟಾಪ್ ಗೇರಿನಲ್ಲೇ 90,000 ಓಡಿದ ಕಾರಿನ ಕ್ಲಚ್‌ಗಿಂತ ಹೆಚ್ಚು ದಣಿದಿರುವ ಸಾಧ್ಯತೆ ಇದೆ. ಎಷ್ಟು ಓಡಿದೆ ಎಂದು ಕೇಳುವುದರ ಜೊತೆಗೆ ಎಲ್ಲಿ ಓಡಿದೆ ಎಂದೂ ಕೇಳಬೇಕು.

ಮ್ಯಾನ್ಯುಯಲ್ ಕಾರಿನ ದೊಡ್ಡ ಗುಣವೆಂದರೆ ಅದರ ಸವೆತ ಬಹುಮಟ್ಟಿಗೆ ಒಂದೇ ಕಡೆ ಕೂಡಿಕೊಳ್ಳುತ್ತದೆ, ಮತ್ತು ಆ ಭಾಗವನ್ನು ಬದಲಿಸುವುದು ಜಿಲ್ಲೆಯ ಯಾವ ತಾಲೂಕಿನ ಮಿಸ್ತ್ರಿಗೂ ಗೊತ್ತಿರುವ ಕೆಲಸ. ದೋಷವೂ ಬೇಗ ಬಾಯಿಬಿಡುತ್ತದೆ. ಟಾಪ್ ಗೇರಿನಲ್ಲಿ 50ರ ವೇಗದಲ್ಲಿ ಹೋಗುತ್ತಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ ಎಂದೇ ಅರ್ಥ. ನ್ಯೂಟ್ರಲ್‌ನಲ್ಲಿ ಪೆಡಲ್ ಒತ್ತಿದಾಗ ಹುಟ್ಟುವ ಸದ್ದು ಸಾಮಾನ್ಯವಾಗಿ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗಿನದು. ಪೆಡಲ್ ಬಿಟ್ಟಾಗ ಹುಟ್ಟಿ ಒತ್ತಿದಾಗ ಅಡಗುವ ಸದ್ದು ಗೇರ್ ಬಾಕ್ಸಿನೊಳಗಿನ ಬೇರಿಂಗಿನದು, ಅದು ದುಬಾರಿ. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಎರಡನೆಯ ಗೇರಿಗೆ ಹಾಕುವಾಗ ಕರಕರ ಎಂದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊನೈಸರ್ ಉಂಗುರಗಳು ಸವೆದಿವೆ.

ಆಟೋಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ನಮ್ಮ ಮಾರುಕಟ್ಟೆಯಲ್ಲಿ ನಾಲ್ಕು ಬೇರೆ ಬೇರೆ ಯಂತ್ರಗಳಿವೆ. ಕೊಳ್ಳುವವರಿಗೆ ಇದನ್ನು ಯಾರೂ ಬಿಡಿಸಿ ಹೇಳದಿರುವುದು ನನಗೆ ನಿಜವಾದ ಬೇಸರದ ವಿಷಯ. ಇವುಗಳಲ್ಲಿ ಹಿರಿಯದು ಟಾರ್ಕ್ ಕನ್ವರ್ಟರ್. ಹಡಗಿನ ಟರ್ಬೈನುಗಳಿಗಾಗಿ ಜರ್ಮನಿಯ ಎಂಜಿನಿಯರ್ ಹರ್ಮನ್ ಫೋಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ ಕಲ್ಪನೆ ಇದರ ಮೂಲ. ಇಂಜಿನ್ ತಿರುಗಿಸುವ ಒಂದು ಚಕ್ರ ಎಣ್ಣೆಯನ್ನು ಎಸೆಯುತ್ತದೆ. ಎದುರಿನ ಚಕ್ರ ಆ ಹೊಡೆತಕ್ಕೆ ತಿರುಗುತ್ತದೆ. ಇಲ್ಲಿಯೂ ಜಾರುವಿಕೆ ಇದೆ, ಆದರೆ ಜಾರುವುದು ಎಣ್ಣೆ. ಕಾರು ಹೊರಡುವಾಗ ಉಜ್ಜಿ ಸವೆಯುವ ಘನವಸ್ತು ಇಲ್ಲ; ಬಿಸಿಯಾದ ಎಣ್ಣೆ ಕೂಲರಿಗೆ ಹರಿದು ತಣ್ಣಗಾಗಿ ಮರಳುತ್ತದೆ. ಬೆಳಗಾವಿಯ ಕಪಿಲೇಶ್ವರ ಮೇಲ್ಸೇತುವೆಯ ಏರಿನಲ್ಲಿ ಅರ್ಧ ಗಂಟೆ ಇಂಚಿಂಚು ಸರಿದರೂ ಇದಕ್ಕೆ ಅಂಥ ನೋವಿಲ್ಲ. ಹಳೆಯ ಮಾದರಿಗಳು ಎಣ್ಣೆಯಲ್ಲೇ ಶಕ್ತಿ ಕಳೆದು ಹೆಚ್ಚು ಇಂಧನ ಕುಡಿಯುತ್ತಿದ್ದವು. ಈಗಿನವುಗಳಲ್ಲಿ ವೇಗ ಬಂದ ಮೇಲೆ ಎರಡೂ ಚಕ್ರಗಳನ್ನು ಬಿಗಿದುಬಿಡುವ ಲಾಕ್-ಅಪ್ ಕ್ಲಚ್ ಇದೆ.

ಇದರ ಜೀವ ಇರುವುದೆಲ್ಲ ಎಣ್ಣೆಯಲ್ಲಿ. ಉದ್ಯಮಬಾಗದ ಹೈಡ್ರಾಲಿಕ್ ಕಾರ್ಖಾನೆಗಳಲ್ಲಿ ದುಡಿದವರಿಗೆ ಇದನ್ನು ವಿವರಿಸಬೇಕಿಲ್ಲ: ಕೂದಲೆಳೆಯಷ್ಟು ಸಂದಿನಲ್ಲಿ ಓಡಾಡುವ ವಾಲ್ವುಗಳಿಗೆ ಕೊಳೆ ಎಣ್ಣೆಯೇ ಶತ್ರು. ಎಣ್ಣೆಯನ್ನು ಜೀವಮಾನವಿಡೀ ಬದಲಿಸಬೇಕಿಲ್ಲ ಎಂದು ಮಾರಾಟಗಾರರು ಹೇಳುವುದುಂಟು; ಆದರೆ ಇಂಥ ಗೇರ್ ಬಾಕ್ಸ್‌ಗಳನ್ನು ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ.ಗಳ ನಡುವೆ ಬದಲಿಸುವಂತೆ ಸಲಹೆ ಕೊಡುತ್ತದೆ. ಬದಲಿಸಿದ ರಸೀದಿ ಇಲ್ಲದ ಹಳೆಯ ಕಾರಿನಲ್ಲಿ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಬೆಲೆ ಎಷ್ಟೇ ಇಳಿಸಿದರೂ ಬಿಟ್ಟುಬರುವುದೇ ಲೇಸು.

ಎಎಂಟಿ, ಅಂದರೆ ಆಟೋಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್, ತೀರ ಬೇರೆ ಜಾತಿಯದು. 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಮೂಲಕ ಭಾರತದ ಸಾಮಾನ್ಯ ಗ್ರಾಹಕರಿಗೆ ತಲುಪಿದ ಈ ವ್ಯವಸ್ಥೆಯಲ್ಲಿ ಇರುವುದು ಅದೇ ಮ್ಯಾನ್ಯುಯಲ್ ಗೇರ್ ಬಾಕ್ಸ್, ಅದೇ ಒಣ ಕ್ಲಚ್. ಕೈಕಾಲು ಮಾಡುವ ಕೆಲಸವನ್ನು ಮೋಟಾರು ಮತ್ತು ಕಂಪ್ಯೂಟರ್ ಮಾಡುತ್ತವೆ. ಮೇಲಿನ ಶಾಖದ ಲೆಕ್ಕ ಇದಕ್ಕೂ ಹಾಗೆಯೇ ಅನ್ವಯಿಸುತ್ತದೆ. ಆಟೋಮ್ಯಾಟಿಕ್ ಎಂದು ನಂಬಿ ಏರಿನಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿ ನಿಲ್ಲಿಸಿಕೊಂಡವರ ಕ್ಲಚ್ ಬೇಗ ಸುಟ್ಟಿರುತ್ತದೆ. ಕೆಲವು ಮಾದರಿಗಳಲ್ಲಿ ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಜೋಡಿಸಿದರೆ ಕ್ಲಚ್ ಸವೆತದ ಅಂಕಿಯೇ ಸಿಗುತ್ತದೆ. ಕೊಳ್ಳುವ ಮುನ್ನ ಅದನ್ನು ಓದಿಸಬೇಕು.

ಎರಡು ಕ್ಲಚ್‌ಗಳ ಡಿಸಿಟಿ (ಡ್ಯುಯಲ್ ಕ್ಲಚ್ ಟ್ರಾನ್ಸ್‌ಮಿಷನ್) ಹೆದ್ದಾರಿಯಲ್ಲಿ ಸೊಗಸು. ಒಂದು ಕ್ಲಚ್ ಬೆಸ ಗೇರುಗಳನ್ನೂ ಇನ್ನೊಂದು ಸಮ ಗೇರುಗಳನ್ನೂ ಹಿಡಿದುಕೊಂಡು, ಮುಂದಿನ ಗೇರನ್ನು ಮೊದಲೇ ಸಿದ್ಧವಾಗಿಡುತ್ತದೆ. ಆದರೆ ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಗೋಕಾಕ ದಾರಿಗಳಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಾಗ, ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ ಅದು ಮೊದಲ ಮತ್ತು ಎರಡನೆಯ ಗೇರಿನ ನಡುವೆ ತೂಗಾಡುತ್ತ ಕ್ಲಚ್‌ಗಳನ್ನು ಜಾರಿಸುತ್ತಲೇ ಇರುತ್ತದೆ. ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ಗಳಿರುವ ಮಾದರಿ ಇದನ್ನು ತಾಳಿಕೊಳ್ಳುತ್ತದೆ. ಒಣ ಕ್ಲಚ್‌ಗಳ ಮಾದರಿಗೆ ಶಾಖ ಬಿಡಲು ಸುತ್ತಲಿನ ಗಾಳಿಯೇ ಗತಿ, ಏಪ್ರಿಲ್ ಹೊತ್ತಿಗೆ ಆ ಗಾಳಿಯೂ 40 ಡಿಗ್ರಿ. ವಾರಂಟಿ ಮುಗಿದ ಒಣ ಡಿಸಿಟಿಯನ್ನು ಕೊಳ್ಳಿ ಎಂದು ಈ ಭಾಗದ ಯಾರಿಗೂ ನಾನು ಹೇಳಲಾರೆ. ಇನ್ನು ಗೇರುಗಳ ಬದಲು ಉಕ್ಕಿನ ಬೆಲ್ಟು ಮತ್ತು ಪುಲ್ಲಿಗಳಿರುವ ಸಿವಿಟಿ (ಕಂಟಿನ್ಯೂಯಸ್ಲಿ ವೇರಿಯಬಲ್ ಟ್ರಾನ್ಸ್‌ಮಿಷನ್), ಕಂಪನಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿದ್ದರೆ ನಯವಾಗಿ ಬಾಳುತ್ತದೆ; ಬೇರೆ ಎಣ್ಣೆ ಹಾಕಿದ್ದರೆ ಬೆಲ್ಟು ಜಾರಿ ಪುಲ್ಲಿಯನ್ನು ಗೀರುತ್ತದೆ.

ಸರ್ವಿಸ್ ದಾಖಲೆ ಇಲ್ಲದ, ಎಂಟು ಹತ್ತು ವರ್ಷ ಹಳೆಯ ಕಾರಾದರೆ ನನ್ನ ಆಯ್ಕೆ ಮ್ಯಾನ್ಯುಯಲ್. ಮೊಣಕಾಲು ನೋವಿರುವವರು, ದಿನವೂ ಪೇಟೆಯೊಳಗೆ ಓಡಾಡುವವರು ದಾಖಲೆಯಿರುವ ಟಾರ್ಕ್ ಕನ್ವರ್ಟರ್ ಹುಡುಕುವುದು ಒಳ್ಳೆಯದು. ಹಣ ಸಾಲದಿದ್ದರೆ ಕ್ಲಚ್ ಬದಲಿಸಿದ ಎಎಂಟಿ. ಯಾವುದೇ ಆಟೋಮ್ಯಾಟಿಕ್ ಇರಲಿ, ರಾತ್ರಿಯಿಡೀ ನಿಂತ ಇಂಜಿನ್ನನ್ನು ನಿಮ್ಮೆದುರಿಗೇ ಚಾಲೂ ಮಾಡಿಸಿ, ನ್ಯೂಟ್ರಲ್‌ನಿಂದ ‘ಡಿ’ಗೆ ಹಾಕಿದಾಗ ತಡವಾಗಿ ಅಥವಾ ಧಡಕ್ಕನೆ ಹಿಡಿಯುತ್ತದೆಯೇ ಎಂದು ನೋಡಿ. ಬಳಿಕ ಅರ್ಧ ಗಂಟೆ ಪೇಟೆಯ ಸಂದಣಿಯಲ್ಲಿ ಓಡಿಸಿ, ಅಲ್ಲಿಂದ ವಂಟಮೂರಿ ಘಾಟಿನ ಏರಿಗೆ ಕೊಂಡೊಯ್ಯಿರಿ, ಏಕೆಂದರೆ ಕ್ಲಚ್ ನಡುಕವೂ ಗೇರಿನ ತಡವರಿಕೆಯೂ ಹಲವು ಸಲ ಗೇರ್ ಬಾಕ್ಸ್ ಪೂರ್ತಿ ಕಾದ ಮೇಲಷ್ಟೇ ಹೊರಬರುತ್ತವೆ. ಅಂಗಳದ ಸುತ್ತ ಎರಡು ಸುತ್ತು ಹಾಕಿಸಿ ಅಷ್ಟು ಸಾಕೆನ್ನುವವರ ಬಳಿ ಮುಂಗಡ ಕೊಡಬೇಡಿ.